ಗಿಡ್ಡ ನಳಿಕೆ, ಅಗಲ ಬಾಯಿ

ಬಸವಕಲ್ಯಾಣದ ಕೋಟೆ ಹತ್ತಿದವರು ನವಗಜ್ ತೋಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದೆ ಇಳಿಯುವುದು ಕಡಿಮೆ. ಅದು ಉದ್ದಕ್ಕೆ ಹೆಸರಾದ ತೋಪು. ದಖ್ಖನದ ಬುರುಜುಗಳ ಮೇಲೆ ಇದಕ್ಕೆ ತದ್ವಿರುದ್ಧ ಮೈಕಟ್ಟಿನ ಜಾತಿಯೂ ಒಂದಿತ್ತು: ನಳಿಕೆ ಗಿಡ್ಡ, ಬಾಯಿ ಭಾರೀ. ಒಂದೇ ಗುಂಡಿನ ಬದಲು ಚಿಕ್ಕ ಚೂರುಗಳನ್ನು ಚೆಲ್ಲುವ ಗಿಡ್ಡ ಛರ್ರಾ ಬಂದೂಕಿನ ಮೋಹ, ಮಿತಿ ಎರಡೂ ಆ ತೋಪಿನಲ್ಲೇ ಕಾಣುತ್ತವೆ.

ಎರಡು ಮೈಕಟ್ಟು

ವಿಜಯಪುರದಲ್ಲಿ ಎರಡೂ ಜಾತಿ ಒಟ್ಟಿಗೆ ನೋಡಸಿಗುತ್ತವೆ. ಉಪಲಿ ಬುರುಜಿನ ಮೇಲಿನ ಉದ್ದ ತೋಪು ಸುಮಾರು 30 ಅಡಿ. ಬಾಯಿ 12 ಅಂಗುಲ. ಗಿಡ್ಡ ಜಾತಿಯ ಮಲಿಕ್-ಎ-ಮೈದಾನ್ ತೋಪು ಉದ್ದದಲ್ಲಿ ಅದರ ಅರ್ಧಕ್ಕೂ ಕಡಿಮೆ, 14 ಅಡಿ ಚಿಲ್ಲರೆ. ಬಾಯಿ ಮಾತ್ರ 2 ಅಡಿ 4 ಅಂಗುಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಆನೆಯನ್ನು ನುಂಗುತ್ತಿರುವ ಮೃಗದ ದವಡೆಯೇ ಅದರ ಬಾಯಿ. ಕೆತ್ತಿದವನ ಉದ್ದೇಶ ಮುಚ್ಚುಮರೆಯದ್ದಲ್ಲ. 1565ರ ತಾಳಿಕೋಟೆ ಯುದ್ಧದಲ್ಲಿ ತಾಮ್ರದ ನಾಣ್ಯದ ಚೀಲಗಳನ್ನೇ ಇದರಲ್ಲಿ ತುಂಬಿ ಹಾರಿಸಿದರೆಂಬ ಪ್ರತೀತಿ ಇದೆ. ನಿಜವಾದರೆ, ಇದಕ್ಕಿಂತ ದೊಡ್ಡ ಛರ್ರಾ ಬಂದೂಕು ಸಿಗುವುದು ಕಷ್ಟ.

ಕೆಲಸಕ್ಕೆ ಬರುತ್ತದೆಯೇ?

ಮದ್ದಿನ ಹೊಗೆಯ ಒತ್ತಡ ಗುಂಡನ್ನು ತಳ್ಳುವುದು ಅದು ನಳಿಕೆಯೊಳಗೆ ಇರುವಷ್ಟು ಹೊತ್ತು. ನಳಿಕೆ ಗಿಡ್ಡವಾದಷ್ಟೂ ಆ ಹೊತ್ತು ಕಡಿಮೆ, ವೇಗ ಕಡಿಮೆ. ಚೂರುಗಳಂತೂ ಗಾಳಿಗೆ ಬೇಗ ಸೋಲುತ್ತವೆ. ಬಾಗಿಲಿಗೆ ನುಗ್ಗಿದ ಗುಂಪಿನ ಮೇಲೆ ಇದು ಭೀಕರ. ದೂರದಲ್ಲಿ ಠಿಕಾಣಿ ಹೂಡಿದ ಸೇನೆಗೆ ಬರಿ ಸದ್ದು. 1657ರಲ್ಲಿ ಔರಂಗಜೇಬನ ಸೈನ್ಯ ಕಲ್ಯಾಣಿಗೆ (ಇಂದಿನ ಬಸವಕಲ್ಯಾಣ) ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕುಳಿತದ್ದು ಅಂಥ ಯುದ್ಧ.  

ಕೈಗೆ ಬಂದಾಗ

18ನೇ ಶತಮಾನದ ಅಫ್ಘನ್ ಸವಾರರ ಶೇರ್‌ಬಚ್ಚಾ ಇದೇ ಕುಲದ ಕೈಬಂದೂಕು. ಯುರೋಪಿನ ಇಂಥದೇ ಗಿಡ್ಡ ಬಂದೂಕಾದ ಬ್ಲಂಡರ್‌ಬಸ್ಸಿನ ಅಗಲ ಬಾಯಿ ಛರ್ರೆಯನ್ನು ಹರಡುತ್ತದೆಂದು ಜನ ನಂಬಿದ್ದರು. ಆ ಬಾಯಿಯಿಂದ ಹೆಚ್ಚು ಅನುಕೂಲವಾದದ್ದು ಓಡುವ ಗಾಡಿಯಲ್ಲಿ ಮದ್ದು ತುಂಬುವವನಿಗೆ.

ಇಂದಿನ ಹನ್ನೆರಡು ಬೋರಿನ ಛರ್ರಾ ಬಂದೂಕಿನದೂ ಅದೇ ಕಥೆ. ಒಂದು ಪೌಂಡ್ ಸೀಸದಲ್ಲಿ 12 ಗುಂಡು ಮಾಡಿದರೆ ಒಂದರ ಅಗಲ ಎಷ್ಟೋ, ನಳಿಕೆಯ ಒಳಗಲವೂ ಅಷ್ಟು: ಸುಮಾರು 18.5 ಮಿ.ಮೀ. ಛರ್ರೆ ಎಷ್ಟು ಹರಡಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ನಳಿಕೆಯ ಉದ್ದವಲ್ಲ, ತುದಿಯಲ್ಲಿ ಕೊಂಚ ಕಿರಿದಾಗಿಸಿದ ಚೋಕ್. ನಳಿಕೆ ಗಿಡ್ಡ ಮಾಡಿದರೆ ತಿರುಗಿಸಲು ಹಗುರ, ನಿಜ. ಜೊತೆಗೆ ಕಿವಿಗಡಚಿಕ್ಕುವ ಸದ್ದು, ಕಣ್ಣು ಕುಕ್ಕುವ ಬೆಂಕಿ. ತೂಕ ಇಳಿದದ್ದರಿಂದ ಭುಜಕ್ಕೆ ಜೋರು ಒದೆ. ಸಿನಿಮಾದಲ್ಲಿ ಇದೊಂದೂ ಕಾಣಿಸದು.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕಿನ ನಳಿಕೆ ಗಿಡ್ಡ ಮಾಡುವಂತಿಲ್ಲ. 20 ಅಂಗುಲಕ್ಕಿಂತ ಗಿಡ್ಡ ನಳಿಕೆಯ ಛರ್ರಾ ಬಂದೂಕನ್ನು 1962ರ ನಿಯಮಗಳು ಅರೆಸ್ವಯಂಚಾಲಿತ ಆಯುಧಗಳ ಸಾಲಿಗೆ ಸೇರಿಸಿದ್ದವು. ಹುಮನಾಬಾದ್ ಕಡೆ ತೊಗರಿ, ಕಬ್ಬು ಬೆಳೆದು ಹಂದಿ ಕಾಟಕ್ಕೆ ಬಂದೂಕು ಬೇಕೆನ್ನುವ ರೈತನಿಗೆ ಇದರಿಂದ ನಷ್ಟವೇನಿಲ್ಲ. ಹೊಲದ ಆ ಅಂಚಿನಲ್ಲಿ ನಿಂತ ಹಂದಿಗೆ ಗುರಿ ಹಿಡಿಯಲು ಉದ್ದ ನಳಿಕೆಯೇ ಬೇಕು. ಅದೇ ಹೊಲಕ್ಕೆ ಕೃಷ್ಣಮೃಗವೂ ಬರುತ್ತದೆ. ಅದಕ್ಕೆ ಗುಂಡು ಹಾರಿಸಿದರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು.