ವಿನೋದವೂ ಆನಂದವೂ: ಕಲ್ಯಾಣವು ಕಂಡ ಎರಡು ದಾರಿಗಳು

ಸುಖವನ್ನು ಬಯಸದ ಮನುಷ್ಯನಿಲ್ಲ. ಆದರೆ ಸುಖವೆಂದರೆ ಯಾವುದೆಂಬ ಪ್ರಶ್ನೆ ಬಂದಾಗ ಉತ್ತರಗಳು ಬೇರೆ ಬೇರೆಯಾಗುತ್ತವೆ. ಹೊತ್ತು ಹೋದದ್ದು ತಿಳಿಯದಂತೆ ಮನಸ್ಸನ್ನು ರಂಜಿಸುವುದು ಒಂದು. ಹೊತ್ತು ಹೋದ ಮೇಲೂ ಮನಸ್ಸಿನಲ್ಲಿ ನೆಲೆಯಾಗಿ ನಿಲ್ಲುವುದು ಇನ್ನೊಂದು. ಮೊದಲನೆಯದು ವಿನೋದ, ಎರಡನೆಯದು ಆನಂದ. ನಿತ್ಯದ ಮಾತಿನಲ್ಲಿ ಈ ಎರಡು ಪದಗಳನ್ನು ನಾವು ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣಪಟ್ಟಣದಲ್ಲಿ ಇವೆರಡೂ ಎರಡು ಜೀವನಕ್ರಮಗಳಾಗಿ, ಎರಡು ವಾಙ್ಮಯಗಳಾಗಿ ರೂಪುಗೊಂಡವು. ಇವುಗಳ ನಡುವಿನ ಅಂತರ ನಾಲ್ಕು ದಶಕಗಳಿಗಿಂತ ಹೆಚ್ಚಿನದಲ್ಲ. ಒಂದೇ ನೆಲದಲ್ಲಿ ಹುಟ್ಟಿದ ಈ ಎರಡು ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಲ್ಯಾಣವನ್ನು ರಾಜಧಾನಿಯನ್ನಾಗಿ ಬೆಳೆಸಿದವನು ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ. ಅವನ ಮಗ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದನು. ಐವತ್ತು ವರ್ಷಗಳ ಕಾಲ ಆಳಿದನು. ಕಾಶ್ಮೀರದ ಬಿಲ್ಹಣ ಕವಿಗೆ ಆಶ್ರಯ ದೊರೆತುದೂ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದುದೂ ಈ ಕಾಲದಲ್ಲಿಯೇ. ಇಂಥ ಸಮೃದ್ಧ ರಾಜ್ಯವನ್ನು ತಂದೆಯಿಂದ ಪಡೆದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ‘ಭೂಲೋಕಮಲ್ಲ’, ‘ಸರ್ವಜ್ಞ’ ಎಂಬ ಬಿರುದುಗಳಿಂದ ಅವನು ಪ್ರಸಿದ್ಧನಾಗಿದ್ದಾನೆ. ಶಕ ೧೦೫೧, ಅಂದರೆ ೧೧೨೯ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ಯು ಭಾರತೀಯ ವಿಶ್ವಕೋಶಗಳಲ್ಲಿ ಗಣ್ಯವಾದುದು. ಹೆಸರೇ ಅದರ ಆಶಯವನ್ನು ಹೇಳುತ್ತದೆ: ಮನಸ್ಸಿಗೆ ಉಲ್ಲಾಸ, ಬಯಸಿದುದನ್ನು ಕೊಡುವ ಚಿಂತಾಮಣಿ.

ಗ್ರಂಥದಲ್ಲಿ ಐದು ವಿಂಶತಿಗಳಿವೆ. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳಂತೆ ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಗೊಳಿಸುವ ಬಗೆ, ಉಪಭೋಗ, ವಿನೋದ, ಕ್ರೀಡೆ — ಇವು ಐದು ಭಾಗಗಳ ವಿಷಯ. ಉಪಭೋಗದ ಭಾಗದಲ್ಲಿ ಮನೆ, ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ, ಹೂಮಾಲೆ, ಆಭರಣ, ಅನ್ನ, ಪಾನೀಯ, ಹಾಸಿಗೆ, ಧೂಪ ಮೊದಲಾದವುಗಳ ವಿವರವಿದೆ. ನಮ್ಮ ಮನೆಗಳಲ್ಲಿ ಇಂದೂ ಮಾಡುವ ಇಡ್ಡಲಿಗೆ, ದೋಸೆ, ವಡೆಗಳ ಪೂರ್ವರೂಪಗಳು ಈ ಗ್ರಂಥದ ಅನ್ನಭೋಗದಲ್ಲಿ ಬಂದಿವೆ. ವಿನೋದದ ಭಾಗವು ಇನ್ನೂ ಬೆರಗುಗೊಳಿಸುವಂತಹುದು. ಆನೆ-ಕುದುರೆಗಳ ಓಟ, ಮಲ್ಲಯುದ್ಧ, ಹುಂಜ, ಟಗರು, ಕೋಣಗಳ ಕಾಳಗ, ಪಾರಿವಾಳ, ನಾಯಿ, ಗಿಡುಗಗಳ ಆಟ, ಮೀನು ಹಿಡಿಯುವುದು, ಬೇಟೆ, ಗೀತ, ವಾದ್ಯ, ನೃತ್ಯ, ಕಥೆ, ಚಮತ್ಕಾರ — ಹೀಗೆ ಇಪ್ಪತ್ತು ವಿನೋದಗಳು. ಮೀನುಗಳಲ್ಲಿಯೇ ಮೂವತ್ತಕ್ಕೂ ಹೆಚ್ಚು ಬಗೆಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಆಹಾರವೆಂದು ಅರಸನು ಹೇಳುತ್ತಾನೆ. ಕೊನೆಯ ಭಾಗದಲ್ಲಿ ವನಕ್ರೀಡೆ, ಜಲಕ್ರೀಡೆ, ಮರಳಿನ ಆಟ, ಬೆಳದಿಂಗಳ ಆಟ, ಒಗಟು, ಚದುರಂಗ, ಪಗಡೆಗಳು ಬರುತ್ತವೆ.

ಇದನ್ನು ಓದಿ ಸೋಮೇಶ್ವರನನ್ನು ಕೇವಲ ಭೋಗಲಾಲಸನೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಗ್ರಂಥದ ಮೊದಲ ಭಾಗದಲ್ಲಿಯೇ ಅಸತ್ಯ, ಪರದ್ರೋಹ, ಅಸೂಯೆ, ಕ್ರೋಧ, ಆತ್ಮಸ್ತುತಿಗಳನ್ನು ಬಿಡಬೇಕೆಂದೂ, ದಾನ ಮಾಡಬೇಕೆಂದೂ, ಅತಿಥಿಗಳನ್ನು ಸತ್ಕರಿಸಬೇಕೆಂದೂ, ದೀನರು, ಅನಾಥರು, ಆರ್ತರು, ಭೃತ್ಯರು ಇವರನ್ನು ಪೋಷಿಸಬೇಕೆಂದೂ ಅವನು ವಿಧಿಸಿದ್ದಾನೆ. ಅವನು ವಿವೇಕಿ, ರಸಿಕ, ಬಹುಶ್ರುತ. ಆದರೆ ಅಧ್ಯಾಯಗಳ ಅನುಕ್ರಮವನ್ನು ಗಮನಿಸಬೇಕು. ಸದ್ಗುಣಗಳು ರಾಜ್ಯಪ್ರಾಪ್ತಿಗೆ ಸಾಧನ. ರಾಜ್ಯದ ಸ್ಥೈರ್ಯವು ಉಪಭೋಗಕ್ಕೆ ಆಧಾರ. ಉಪಭೋಗದಾಚೆಗೆ ವಿನೋದ, ವಿನೋದದಾಚೆಗೆ ಕ್ರೀಡೆ. ದಾನವು ಆರಂಭದಲ್ಲಿದೆ, ಪಗಡೆಯ ಹಾಸು ಕೊನೆಯಲ್ಲಿದೆ. ಹೊರಟದ್ದು ಧರ್ಮದಿಂದ, ಸೇರಿದ್ದು ಆಟಕ್ಕೆ.

ಇನ್ನೂ ಒಂದು ಅಂಶವುಂಟು. ಈ ವಿನೋದಗಳಲ್ಲಿ ಬಹುಮಟ್ಟಿಗೆ ಅರಸನು ಪ್ರೇಕ್ಷಕ. ಮಲ್ಲನು ಮೈ ಹಣ್ಣುಮಾಡಿಕೊಳ್ಳುತ್ತಾನೆ, ನರ್ತಕಿ ಕುಣಿಯುತ್ತಾಳೆ, ಹುಂಜವು ರಕ್ತ ಸುರಿಸುತ್ತದೆ. ಉಲ್ಲಾಸ ಮಾತ್ರ ಆಸನದಲ್ಲಿ ಕುಳಿತವನದು. ಒಂದು ಆಟ ಮುಗಿದೊಡನೆ ಇನ್ನೊಂದು ಬೇಕು. ಇಪ್ಪತ್ತು ವಿನೋದಗಳನ್ನು ಎಣಿಸಬೇಕಾಗಿ ಬಂದುದೇ ಒಂದೊಂದೂ ಸಾಲದಾಯಿತೆಂಬುದಕ್ಕೆ ಸಾಕ್ಷಿ. ಗೀತವಿನೋದದಲ್ಲಿ ಅರಸನು ದೇಶೀಯ ಹಾಡುಗಳನ್ನೂ ಪ್ರೀತಿಯಿಂದ ದಾಖಲಿಸುತ್ತಾನೆ. ಮಹಾರಾಷ್ಟ್ರದ ಹೆಣ್ಣುಮಕ್ಕಳು ಧಾನ್ಯವನ್ನು ಕುಟ್ಟುವಾಗ ಹಾಡುವ ‘ಓವಿ’ಯ ಹೆಸರು ಅಲ್ಲಿ ಬಂದಿದೆ. ಜಾನಪದದ ಇತಿಹಾಸಕ್ಕೆ ಇದೊಂದು ಅಮೂಲ್ಯ ಉಲ್ಲೇಖ. ಆದರೆ ಒನಕೆ ಹಿಡಿದ ಆ ಹೆಣ್ಣುಮಗಳ ಹಾಡಿಗೆ ಅರಮನೆಯ ಗ್ರಂಥದಲ್ಲಿ ಜಾಗ ದೊರೆಯಿತು. ಆಕೆಯ ಮಾತಿಗೆ ದೊರೆಯಲಿಲ್ಲ. ಈ ಹೆಣ್ಣುಮಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಆಕೆಯ ಬಳಿಗೆ ಮತ್ತೆ ಬರಬೇಕಾಗಿದೆ.

ಸೋಮೇಶ್ವರನ ತರುವಾಯ ಚಾಲುಕ್ಯರ ಬಲ ಕುಗ್ಗಿತು. ಮಂಗಳವಾಡದ ಕಲಚುರಿ ಬಿಜ್ಜಳನು ೧೧೫೭ರ ಸುಮಾರಿಗೆ ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಅವನ ಭಂಡಾರಿಯಾಗಿ ಬಸವಣ್ಣನವರು ಕಲ್ಯಾಣದಲ್ಲಿ ನೆಲೆಸಿದರು. ಅರಸನ ಭೋಗಕ್ಕೆ ಆಧಾರವಾದ ಭಂಡಾರದ ಕೀಲಿಕೈ ಹಿಡಿದವರೇ ಭೋಗಕ್ಕಿಂತ ಬೇರೆಯಾದ ಸುಖವೊಂದನ್ನು ಬೋಧಿಸಿದರೆಂಬುದು ಇತಿಹಾಸದ ಒಂದು ವಿಶೇಷ. ವಚನಗಳು ‘ಮಾನಸೋಲ್ಲಾಸ’ಕ್ಕೆ ಬರೆದ ಉತ್ತರಗಳೆಂದು ಇಲ್ಲಿ ಹೇಳುತ್ತಿಲ್ಲ. ಆ ಗ್ರಂಥವು ವರ್ಣಿಸಿದ ನಗರಜೀವನದ ನಡುವೆಯೇ ಶರಣರು ಬಾಳಿದರೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಶರಣರು ಸುಖವನ್ನು ಹಳಿದು ದೇಹವನ್ನು ದಂಡಿಸಿದವರೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ವಾಸ್ತವ ಹಾಗಿಲ್ಲ. ಅರಮನೆಯ ಪಟ್ಟಿಯಲ್ಲಿದ್ದ ಅನೇಕ ಸಂಗತಿಗಳು ಶರಣರ ಸಮೂಹದಲ್ಲಿಯೂ ಇದ್ದವು. ಬಹುರೂಪಿ ಚೌಡಯ್ಯನವರು ವೇಷ ಧರಿಸಿ ಆಡಿ ತೋರಿಸುವ ಕಲಾವಿದರು. ಕಿನ್ನರಿ ಬೊಮ್ಮಯ್ಯನವರು ಕಿನ್ನರಿಯನ್ನು ನುಡಿಸಿದವರು. ನಗೆಯ ಮಾರಿತಂದೆಯವರ ಕಾಯಕವಂತೂ ಜನರನ್ನು ನಗಿಸುವುದೇ ಆಗಿತ್ತು! ನಗೆಯನ್ನೇ ಕಾಯಕವೆಂದು ಮಾನ್ಯ ಮಾಡಿದ ಧರ್ಮವನ್ನು ಶುಷ್ಕ ವೈರಾಗ್ಯದ ಧರ್ಮವೆಂದು ಹೇಗೆ ಕರೆಯುವುದು? ಊಟವಿತ್ತು, ಹಾಡಿತ್ತು, ನಗೆಯಿತ್ತು, ದಾಂಪತ್ಯವಿತ್ತು. ಬದಲಾದದ್ದು ವಸ್ತುವಲ್ಲ, ವಸ್ತುವಿಗೂ ಮನುಷ್ಯನಿಗೂ ಇರುವ ಸಂಬಂಧ.

ಈ ಸಂಬಂಧವನ್ನು ಮೂರು ಮಾತುಗಳಲ್ಲಿ ಹಿಡಿಯಬಹುದು. ಮೊದಲನೆಯದು ಕಾಯಕ. ಇಲ್ಲಿ ಸುಖಿಯು ಪ್ರೇಕ್ಷಕನಲ್ಲ, ಮಾಡುವವನು. ಎರಡನೆಯದು ಪ್ರಸಾದ. ಉಣ್ಣುವ ಅನ್ನ ಅದೇ. ಆದರೆ ನನ್ನದೆಂದು ಉಂಡರೆ ಭೋಗ, ಲಿಂಗಕ್ಕೆ ಅರ್ಪಿಸಿ ಪಡೆದರೆ ಪ್ರಸಾದ. ಅರ್ಪಿಸುವವನಿಗೆ ಎಚ್ಚರ ಬೇಕು. ಆ ಎಚ್ಚರದಿಂದಾಗಿ ರುಚಿ ಕೆಡುವುದಿಲ್ಲ, ಆಸೆಯ ಉರಿ ಮಾತ್ರ ಆರುತ್ತದೆ. ಮೂರನೆಯದು ದಾಸೋಹ. ವಿನೋದದಲ್ಲಿ ಅನೇಕರ ದುಡಿಮೆ ಒಬ್ಬನ ಸುಖಕ್ಕೆ ಸಲ್ಲುತ್ತದೆ. ದಾಸೋಹದಲ್ಲಿ ಒಬ್ಬನ ದುಡಿಮೆ ಅನೇಕರಿಗೆ ಸಲ್ಲುತ್ತದೆ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ಎಲ್ಲರಿಗೂ ತಿಳಿದುದೇ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮಕ್ಕೆ ನೀಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಹಾಕಿ ಬರುವಂತೆ ಪತಿಗೆ ಹೇಳಿದರು. ಈ ಕಥೆಯನ್ನು ಕೇವಲ ನಿರಾಸೆಯ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಇದರಲ್ಲಿ ಸುಖದ ತತ್ತ್ವವೂ ಅಡಗಿದೆ. ವಿನೋದಕ್ಕೆ ‘ಸಾಕು’ ಎಂಬ ಮಾತು ತಿಳಿಯದು. ಲಕ್ಕಮ್ಮನವರಿಗೆ ಅದು ತಿಳಿದಿತ್ತು. ವಚನಸಾಹಿತ್ಯದಲ್ಲಿ ‘ಪರಿಣಾಮ’ ಎಂಬ ಪದವು ತೃಪ್ತಿ, ಸಂತೋಷ ಎಂಬ ಅರ್ಥದಲ್ಲಿಯೂ ಬರುತ್ತದೆ. ಇಂದು ನಾವು ಆ ಪದವನ್ನು ಫಲ ಎಂಬ ಅರ್ಥದಲ್ಲಿ ಮಾತ್ರ ಬಲ್ಲೆವು. ನಡೆಯು ಪಕ್ವಗೊಂಡ ಸ್ಥಿತಿಯೇ ತೃಪ್ತಿ ಎಂಬ ಅರಿವು ಆ ಹಳೆಯ ಬಳಕೆಯಲ್ಲಿದೆ.

ಶಾಸ್ತ್ರದ ದೃಷ್ಟಿಯಿಂದಲೂ ಈ ವಿಷಯ ವಿಚಾರಾರ್ಹವಾಗಿದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಲಾಗಿದೆ. ಇಲ್ಲಿ ಆನಂದಕ್ಕೆ ದೊರೆತಿರುವುದು ಐದನೆಯ ಸ್ಥಾನ. ಸಾಧಕನು ಆನಂದವನ್ನು ಬೆನ್ನಟ್ಟಿ ಹೊರಡುವುದಿಲ್ಲ. ನಂಬಿಕೆಯಿಂದ ಹೊರಟು, ದೃಢತೆಯಲ್ಲಿ ನಿಂತು, ಪ್ರತಿಯೊಂದು ಕ್ರಿಯೆಯಲ್ಲಿಯೂ ಎಚ್ಚರವಿಟ್ಟು, ಒಳಗಿನ ಅನುಭಾವವನ್ನು ಪಡೆದವನಿಗೆ ಆನಂದವು ತಾನಾಗಿಯೇ ಒದಗುತ್ತದೆ. ಅದೂ ಕೊನೆಯಲ್ಲ, ಅದನ್ನು ಮೀರಿ ಸಮರಸವಿದೆ. ‘ಮಾನಸೋಲ್ಲಾಸ’ದ ಐದು ವಿಂಶತಿಗಳೂ ಷಟ್‌ಸ್ಥಲದ ಆರು ಮೆಟ್ಟಿಲುಗಳೂ ಎರಡೂ ಕ್ರಮಬದ್ಧವಾದ ಏಣಿಗಳೇ. ಮೊದಲನೆಯದು ಪಡೆಯುವುದರಿಂದ ಭೋಗಿಸುವುದರ ಕಡೆಗೆ ಏರುತ್ತದೆ. ಎರಡನೆಯದು ಅರ್ಪಿಸುವುದರಿಂದ ಒಂದಾಗುವುದರ ಕಡೆಗೆ ಏರುತ್ತದೆ.

ಯಾವುದು ಸ್ಥಿರ, ಯಾವುದು ಅಸ್ಥಿರ ಎಂಬುದು ಕೇವಲ ತರ್ಕದಿಂದ ನಿರ್ಧಾರವಾಗುವುದಿಲ್ಲ. ಕಾಲದ ಪರೀಕ್ಷೆ ಬೇಕು. ಕಲ್ಯಾಣಕ್ಕೆ ಆ ಪರೀಕ್ಷೆ ಬಹು ಬೇಗ ಬಂದಿತು. ೧೧೬೭-೬೮ರ ಸುಮಾರಿನ ಕ್ಷೋಭೆಯಲ್ಲಿ ಬಿಜ್ಜಳನ ಆಳ್ವಿಕೆ ಕೊನೆಗೊಂಡಿತು, ಶರಣರು ಚದುರಿದರು. ಬಸವಣ್ಣನವರು ಕೂಡಲಸಂಗಮಕ್ಕೂ, ಚೆನ್ನಬಸವಣ್ಣನವರು ಉಳವಿಗೂ ನಡೆದರೆಂದು ಪರಂಪರೆ ಹೇಳುತ್ತದೆ. ಶತಮಾನವು ಮುಗಿಯುವ ಮೊದಲೇ ಕಲ್ಯಾಣವು ಸೇವುಣರ ವಶವಾಯಿತು. ಆನೆಲಾಯ, ನಾಟ್ಯಶಾಲೆ, ಕ್ರೀಡಾವನಗಳಿಲ್ಲದೆ ವಿನೋದಶಾಸ್ತ್ರಕ್ಕೆ ನೆಲೆಯಿಲ್ಲ. ಅರಮನೆ ಬಿದ್ದೊಡನೆ ಅದು ಬರಿಯ ಗ್ರಂಥವಾಗಿ ಉಳಿಯಿತು. ಶರಣರಿಗೂ ಮನೆಮಠಗಳು ಹೋದವು, ಬಂಧುಗಳು ಅಗಲಿದರು. ಆ ದುಃಖ ಸಣ್ಣದಲ್ಲ. ಶಾಶ್ವತ ಸುಖವೆಂದರೆ ದುಃಖವೇ ಬಾರದಿರುವುದೆಂದು ಯಾರೂ ಭಾವಿಸಬಾರದು. ಆದರೆ ಅವರ ಆನಂದವು ನಿಂತಿದ್ದ ಆಧಾರಗಳನ್ನು ಯಾವ ಸೈನ್ಯವೂ ಕಸಿಯಲಾರದಾಗಿತ್ತು. ಅಂಗದ ಮೇಲಿನ ಲಿಂಗ, ಕೈಯ ಕಸುಬು, ನಾಲಗೆಯ ಮೇಲಿನ ವಚನ — ಇವು ಅವರೊಡನೆಯೇ ನಡೆದವು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿದರೆಂದು ಪರಂಪರೆಯು ಸ್ಮರಿಸುವ ಮೋಳಿಗೆಯ ಮಾರಯ್ಯನವರ ಚರಿತೆಯೂ ಇದನ್ನೇ ಸಾರುತ್ತದೆ. ಸಿಂಹಾಸನವನ್ನು ಹೊತ್ತು ನಡೆಯಲು ಬಾರದು. ಸೌದೆಯ ಹೊರೆಯನ್ನು ಹೊತ್ತು ನಡೆಯಬಹುದು.

ಮುಂದೆ ಹದಿನೈದನೆಯ ಶತಮಾನದಲ್ಲಿ ವಿರಕ್ತರು ವಚನಗಳನ್ನು ಸಂಕಲಿಸಿದರು; ಶಿವಗಣಪ್ರಸಾದಿ ಮಹಾದೇವಯ್ಯನವರು ‘ಶೂನ್ಯಸಂಪಾದನೆ’ಯನ್ನು ರಚಿಸಿದರು. ತಾಳೆಯೋಲೆಯ ಕಟ್ಟುಗಳು ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಸಾಗಿದವು. ಆಧುನಿಕ ಕಾಲದಲ್ಲಿ ಒಂದು ಸೋಜಿಗದ ಸಂಧಿ ಒದಗಿತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ೧೯೨೩ರಲ್ಲಿ ಅಚ್ಚಾಯಿತು, ಎರಡೇ ವರ್ಷಗಳ ತರುವಾಯ, ೧೯೨೫ರಲ್ಲಿ, ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ‘ಮಾನಸೋಲ್ಲಾಸ’ದ ಮೊದಲ ಸಂಪುಟ ಹೊರಬಂದಿತು. ಕಲ್ಯಾಣದ ಎರಡು ದಾರಿಗಳೂ ಒಂದೇ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಒಂದನ್ನು ಇತಿಹಾಸಜ್ಞರು ಆಧಾರಗ್ರಂಥವಾಗಿ ಓದಿದರು; ಇನ್ನೊಂದನ್ನು ವಿದ್ವಾಂಸರೂ ಓದಿದರು, ಹೊಲಮನೆಯವರೂ ನಿತ್ಯದ ನುಡಿಯಾಗಿ ಹೇಳಿಕೊಂಡರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದಾಗ ಶರಣರ ಮಾತುಗಳೆಲ್ಲ ಒಂದೆಡೆ ದೊರೆಯುವಂತಾಯಿತು.

ಆ ಸಂಪುಟಗಳಲ್ಲಿ ಕೊಟ್ಟಣದ ಸೋಮಮ್ಮನವರ ಒಂದು ವಚನವಿದೆ. ಬತ್ತ ಕುಟ್ಟುವುದು ಆಕೆಯ ಕಾಯಕ. ‘ನಿರ್ಲಜ್ಜೇಶ್ವರ’ ಎಂಬುದು ಆಕೆಯ ಅಂಕಿತ. ಹಿಂದೆ ನಾವು ಅರಮನೆಯ ಗ್ರಂಥದಲ್ಲಿ ಕಂಡ ಒನಕೆಯ ಹೆಣ್ಣುಮಗಳು ಇಲ್ಲಿ ತನ್ನ ಹೆಸರಿನಲ್ಲಿ, ತನ್ನ ದೈವದ ಅಂಕಿತದಲ್ಲಿ ಮಾತನಾಡುತ್ತಾಳೆ. ಕುಟ್ಟುವಿಕೆಗೆ ಒಂದು ಹದವುಂಟು. ಅದು ತಪ್ಪಿದರೆ ಕಾಳು ಕೆಡುತ್ತದೆ. ವ್ರತನಿಷ್ಠೆಯೂ ಅಂತಹುದೇ ಎಂಬುದು ಆಕೆಯ ಕಾಣ್ಕೆಯ ತಾತ್ಪರ್ಯ. ಅರಸನಿಗೆ ವಿನೋದವಾಗಿದ್ದ ಕೆಲಸವೇ ಆಕೆಗೆ ಅರಿವಿನ ಬಾಗಿಲಾಯಿತು. ವಿನೋದಕ್ಕೂ ಆನಂದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೆ ಬೇಕಿಲ್ಲ.

ಈ ವಿಚಾರವು ಹಳೆಯ ಕಾಲದ ಅರಸರನ್ನು ಕುರಿತದ್ದಷ್ಟೇ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಜಾತ್ರೆಯ ಬೆಳಕು, ವಚನಗಾಯನದ ಇಂಪು, ದಾಸೋಹದ ಪಂಕ್ತಿಯ ಸಿಹಿ ಇವೂ ವಿನೋದವಾಗಿಬಿಡಬಹುದು. ಕುಳಿತು ಕೇಳಿ, ಮೆಚ್ಚಿ, ಮನೆಗೆ ಮರಳಿ ಮೊದಲಿನಂತೆಯೇ ಬಾಳಿದರೆ ನಾವೂ ‘ಮಾನಸೋಲ್ಲಾಸ’ದ ಓದುಗರೇ ಹೊರತು ಶರಣರ ಮಾರ್ಗದವರಲ್ಲ. ಅದೇ ಗಾಯನವನ್ನು ಕೇಳಿದವನು ಮರುದಿನ ತನ್ನ ಕೆಲಸವನ್ನು ಹದವರಿತು ಮಾಡಿದರೆ, ಹೆಚ್ಚಾದುದನ್ನು ಕಂಡು ‘ಸಾಕು’ ಎಂದರೆ, ಇದ್ದುದನ್ನು ಹಂಚಿ ಉಂಡರೆ, ಆ ಹಾಡು ಮುಗಿದ ಮೇಲೂ ಅವನಲ್ಲಿ ಉಳಿಯುತ್ತದೆ. ಉಲ್ಲಾಸವು ಹೊರಗಿನಿಂದ ಬಂದು ಹೊರಗೇ ಹೋಗುವ ಅತಿಥಿ, ಆನಂದವು ಮನೆಯೊಡೆಯ. ಅತಿಥಿಯನ್ನು ಆದರಿಸೋಣ, ಒಡೆಯನನ್ನು ಮರೆಯದಿರೋಣ.