ಕೆಂಪು ದೀಪ, ಹಸಿರು ದೀಪ

ಸಂಜೆ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಬಳಿ ಗಾಳಿಗೆ ನಿಲ್ಲುವ ನಮ್ಮಂಥವರಿಗೆ, ನೀರಿನ ಮೇಲೆ ಕೆಂಪು, ಹಸಿರು ದೀಪಗಳು ಸರಿದಾಡುವುದು ಹೊಸ ನೋಟವೇನಲ್ಲ. ಆದರೆ ಆ ದೀಪಗಳಿಗೂ ಒಂದು ಭಾಷೆಯಿದೆ, ಆ ಭಾಷೆಗೊಂದು ಚರಿತ್ರೆಯಿದೆ ಎಂಬುದನ್ನು ನಾವು ಯೋಚಿಸುವುದು ಅಪರೂಪ.

ಉಗಿಯಂತ್ರ ಬಂದ ಮೇಲೆ ಹಡಗುಗಳಿಗೆ ಗಾಳಿಯ ಹಂಗು ತಪ್ಪಿತು. ಯಾವುದು ಯಾವ ಕಡೆಗೆ ಓಡುತ್ತಿದೆಯೆಂದು ಕತ್ತಲಲ್ಲಿ ಊಹಿಸುವುದು ಕಷ್ಟವಾಯಿತು. 1846ರಲ್ಲಿ ಬ್ರಿಟನ್, ಇಕ್ಕಟ್ಟಾದ ಜಲಮಾರ್ಗದಲ್ಲಿ ಉಗಿಹಡಗುಗಳು ತಮ್ಮ ಬಲಬದಿಗೆ ಸಾಗಬೇಕೆಂದು ಕಾನೂನು ಮಾಡಿತು. 1848ರಲ್ಲಿ ದೀಪದ ನಿಯಮ ಬಂದಿತು: ಕಂಬದ ಮೇಲೆ ಬಿಳಿ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 1858ರಲ್ಲಿ ಹಾಯಿಹಡಗುಗಳಿಗೂ ಬದಿಯ ದೀಪಗಳು ಕಡ್ಡಾಯವಾದವು.

ಉಪಾಯ ಸರಳವಾದದ್ದು. ಎರಡು ಬಣ್ಣಗಳೂ ಕಂಡರೆ ಹಡಗು ನೇರ ನಮ್ಮೆಡೆಗೆ ಬರುತ್ತಿದೆ. ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ. ಹಸಿರು ಮಾತ್ರ ಕಂಡರೆ ಬಲಮಗ್ಗುಲು. ಆದರೆ ನಿಯಮ ಬರೆದಿಟ್ಟ ಮಾತ್ರಕ್ಕೆ ಅಪಾಯ ತಪ್ಪುತ್ತದೆಯೆ? ಥೇಮ್ಸ್ ನದಿಯ ಕಥೆಯನ್ನು ಕೇಳಿ.

1878ರ ಸೆಪ್ಟೆಂಬರ್ 3ರ ಸಂಜೆ, 'ಪ್ರಿನ್ಸೆಸ್ ಆಲಿಸ್' ಎಂಬ ವಿಹಾರದ ಹಡಗು ಮಕ್ಕಳು ಮರಿಗಳಿಂದ ಕಿಕ್ಕಿರಿದು ಲಂಡನ್ನಿಗೆ ಮರಳುತ್ತಿತ್ತು. ಎದುರಿಗೆ, ಕಲ್ಲಿದ್ದಲು ತರಲು ನ್ಯೂಕಾಸಲ್‌ಗೆ ಹೊರಟ 'ಬೈವೆಲ್ ಕಾಸಲ್' ನದಿಯಿಳಿದು ಬರುತ್ತಿತ್ತು. ಅದರ ದಿನಚರಿಯ ಪ್ರಕಾರ, ಮೊದಲು ಕಂಡದ್ದು ವಿಹಾರದ ಹಡಗಿನ ಬಿಳಿ ಮತ್ತು ಕೆಂಪು ದೀಪಗಳು. ಅದನ್ನು ನಂಬಿ ಅವರು ತಮ್ಮ ಹಡಗನ್ನು ಬಲಕ್ಕೆ ತಿರುಗಿಸಿದರು. ಸಮೀಪಿಸುವಷ್ಟರಲ್ಲಿ ಕೆಂಪಿನ ಬದಲು ಹಸಿರು ದೀಪ ಕಾಣಿಸಿತು! ಯಂತ್ರಗಳನ್ನು ಹಿಂದಕ್ಕೆ ಓಡಿಸಿದರೂ ಕಾಲ ಮಿಂಚಿತ್ತು. ಭಾರಿ ಹಡಗಿನ ಹೊಡೆತಕ್ಕೆ ಪ್ರಿನ್ಸೆಸ್ ಆಲಿಸ್ ಸೀಳಿ, ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸುಮಾರು 650 ಮಂದಿ ಸತ್ತರು. ಲಂಡನ್ನಿನ ಚರಂಡಿಗಳ ಹೊಲಸನ್ನು ಅಲ್ಲಿಯೇ ಸ್ವಲ್ಪ ಮುಂಚೆ ನದಿಗೆ ಬಿಡಲಾಗಿತ್ತು. ಈಜು ಬಲ್ಲವರಿಗೂ ಆ ನೀರು ಕಂಟಕವಾಯಿತು.

ದೀಪಗಳು ಉರಿಯುತ್ತಿದ್ದವು, ನಿಯಮವೂ ಇತ್ತು. ಆದರೆ ಸೆಳೆತದ ಎದುರು ಸಾಗುವವರು ನೀರಿನ ರಭಸ ಕಡಿಮೆಯಿರುವ ದಡವನ್ನು ಹಿಡಿಯುವ ರೂಢಿಯೂ ಆ ನದಿಯಲ್ಲಿತ್ತು. ಪುಸ್ತಕದ ನಿಯಮ ಒಂದು, ನಡೆದುಬಂದ ಪದ್ಧತಿ ಇನ್ನೊಂದು! ಕಪ್ತಾನ ಗ್ರಿನ್‌ಸ್ಟೆಡ್ ಹಡಗಿನೊಡನೆಯೇ ಮುಳುಗಿದ್ದರಿಂದ ಅವರ ಉತ್ತರ ಯಾರಿಗೂ ಸಿಗಲಿಲ್ಲ. ಸಾವಿನ ವಿಚಾರಣೆ ನಡೆಸಿದ ಪಂಚರು ಎರಡೂ ಹಡಗುಗಳಲ್ಲಿ ತಪ್ಪು ಕಂಡರು. ಥೇಮ್ಸ್‌ನ ಎಲ್ಲ ಉಗಿಹಡಗುಗಳಿಗೂ ಸರಿಯಾದ, ಕಟ್ಟುನಿಟ್ಟಾದ ನಿಯಮಗಳು ಬೇಕೆಂದರು. ಮೃತರಿಗಾಗಿ ವುಲಿಚ್ ಸ್ಮಶಾನದಲ್ಲಿ 1880ರಲ್ಲಿ ಶಿಲುಬೆಯೊಂದನ್ನು ನಿಲ್ಲಿಸಿದರು. 23,000 ಜನ ಆರಾರು ಪೆನ್ನಿ ಕೊಟ್ಟು ಕಟ್ಟಿಸಿದ ಸ್ಮಾರಕವದು.

1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳಲ್ಲೂ ಅದೇ ಕೆಂಪು, ಅದೇ ಹಸಿರು, ಪ್ರತಿಯೊಂದೂ 112.5 ಡಿಗ್ರಿಯಷ್ಟು ಕೋನದಲ್ಲಿ ಕಾಣಬೇಕು. ನದಿ, ಸರೋವರಗಳಿಗೆ ಆಯಾ ದೇಶ ಪ್ರತ್ಯೇಕ ನಿಯಮ ಮಾಡಬಹುದು, ಆದರೆ ಅವು ಸಾಧ್ಯವಾದಷ್ಟೂ ಇವಕ್ಕೆ ಹೊಂದಿಕೊಂಡಿರಬೇಕು. ನಮ್ಮ ದೇಶದಲ್ಲಿಯೂ 1917ರ ಒಳನಾಡು ಹಡಗುಗಳ ಕಾಯ್ದೆಯ ಸ್ಥಾನದಲ್ಲಿ 2021ರಲ್ಲಿ ಹೊಸ ಕಾಯ್ದೆ ಬಂದಿದೆ.

ದಿನವಿಡೀ ನಿಯಮ, ಉಪನಿಯಮಗಳ ಕಡತಗಳಲ್ಲಿ ಮುಳುಗೇಳುವ ನಮಗೆ ಅವು ಕೆಲವೊಮ್ಮೆ ಬರಿಯ ಕಾಗದವೆನಿಸುವುದುಂಟು. ಥೇಮ್ಸ್‌ನ ಆ ಸಂಜೆಯನ್ನು ನೆನೆದರೆ ಹಾಗೆನ್ನಲು ಮನಸ್ಸು ಬಾರದು.