ಗೋಲ್ಡ್ ಫಿಶ್‌ಗೆ ಹುಷಾರಿಲ್ಲವೇ? ಮದ್ದಿಗಿಂತ ಮೊದಲು ನೀರು ನೋಡಿ

ಬೆಳಗ್ಗೆ ಮದ್ರಸಕ್ಕೆ ಹೊರಟ ಮಗು ಟ್ಯಾಂಕಿನ ಮುಂದೆ ನಿಂತು "ಉಮ್ಮಾ, ಮೀನು ಅಡ್ಡ ಮಲಗಿದೆ" ಎಂದು ಕೂಗುತ್ತದೆ. ಮನೆಯವರೆಲ್ಲ ಸೇರುತ್ತಾರೆ. ಒಬ್ಬರು ಉಪ್ಪು ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಅರಿಶಿನ ಎನ್ನುತ್ತಾರೆ, ಮತ್ತೊಬ್ಬರು ಅಕ್ವೇರಿಯಂ ಅಂಗಡಿಗೆ ಹೋಗಿ ನೀಲಿ ಮದ್ದು ತರುತ್ತಾರೆ. ಎಲ್ಲವನ್ನೂ ಒಂದೇ ದಿನ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಮೀನು ಸತ್ತಿರುತ್ತದೆ, ಮಗು ಅಳುತ್ತಿರುತ್ತದೆ.

ಸರಿಯಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ 10ರಿಂದ 15 ವರ್ಷ ಬದುಕುತ್ತದೆ. ನಮ್ಮ ಮನೆಗಳಲ್ಲಿ ಅದು ಎರಡು ತಿಂಗಳು ಬದುಕಿದರೆ ಹೆಚ್ಚು. ಹೆಚ್ಚಿನ ಸಲ ಅದಕ್ಕೆ ಕಾರಣ ದೊಡ್ಡ ರೋಗವೇನೂ ಅಲ್ಲ, ಟ್ಯಾಂಕಿನ ನೀರು. ನೀರು ಸರಿಪಡಿಸದೆ ಯಾವ ಮದ್ದು ಹಾಕಿದರೂ ಪ್ರಯೋಜನವಿಲ್ಲ.

ನೀರಿನಲ್ಲಿ ಆಗುವುದೇನು?

ಗೋಲ್ಡ್ ಫಿಶ್‌ಗೆ ಜಠರ ಇಲ್ಲ. ತಿಂದದ್ದು ಬೇಗ ಹೊರಗೆ ಬರುತ್ತದೆ, ಹಾಗಾಗಿ ಅದು ತುಂಬಾ ಗಲೀಜು ಮಾಡುವ ಮೀನು. ಅದರ ಕಿವಿರುಗಳಿಂದಲೂ ಅಮೋನಿಯಾ ಹೊರಬೀಳುತ್ತದೆ. ಉಳಿದ ತಿಂಡಿ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಈ ವಿಷ ಕಣ್ಣಿಗೆ ಕಾಣುವುದಿಲ್ಲ. ನೀರು ಗಾಜಿನಂತೆ ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ಇರಬಹುದು.

ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ, ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ಮೀನು ಮೊದಲ ತಿಂಗಳಲ್ಲೇ ಸಾಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಫಿಲ್ಟರ್ ಇಲ್ಲದ ದುಂಡು ಗಾಜಿನ ಬೌಲಿನಲ್ಲಂತೂ ಮೀನು ಅದರದ್ದೇ ಗಲೀಜಿನಲ್ಲಿ ಉಸಿರಾಡಬೇಕಾಗುತ್ತದೆ.

ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದದ್ದು

1. ತಿಂಡಿ ನಿಲ್ಲಿಸಿ. ಆರೋಗ್ಯವಾಗಿ ಬೆಳೆದ ಗೋಲ್ಡ್ ಫಿಶ್ ಎರಡು ಮೂರು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ.

2. ಏರ್ ಪಂಪ್ ಹಾಕಿ. ಗೋಲ್ಡ್ ಫಿಶ್‌ಗೆ ಇಷ್ಟವಾಗುವುದು 18ರಿಂದ 24 ಡಿಗ್ರಿಯ ತಂಪು ನೀರು. ಕರಾವಳಿಯ ಸೆಕೆಗೆ ಟ್ಯಾಂಕಿನ ನೀರು 28–30 ಡಿಗ್ರಿಗೆ ಏರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಟ್ಯಾಂಕಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳಿ.

3. ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್, ಪಿಎಚ್ ನೋಡುವ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು.

4. ಕಿಟ್ ಇಲ್ಲವೇ? ಕಾಯಬೇಡಿ, ನೀರು ಬದಲಿಸಲು ಶುರು ಮಾಡಿ.

ನೀರು ಬದಲಿಸುವ ಕ್ರಮ

ವಾರಕ್ಕೊಮ್ಮೆ ನೀರು ಬದಲಿಸುವ ಟ್ಯಾಂಕಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಂದೇ ಸಲ ಬದಲಿಸಬಹುದು. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಟ್ಯಾಂಕಾದರೆ ಜಾಗ್ರತೆ ಬೇಕು. ಹಳೆಯ ನೀರಿನ ಪಿಎಚ್ ಇಳಿದಿರುತ್ತದೆ, ಅಲ್ಲಿ ಅಮೋನಿಯಾ ಕಡಿಮೆ ವಿಷವಾಗುವ ರೂಪದಲ್ಲಿರುತ್ತದೆ. ಹೆಚ್ಚು ಪಿಎಚ್‌ನ ಹೊಸ ನೀರನ್ನು ಒಮ್ಮೆಲೇ ಸುರಿದರೆ ಅದು ಮತ್ತೆ ಉಗ್ರ ವಿಷವಾಗುತ್ತದೆ. ಅಂಥ ಟ್ಯಾಂಕಿನಲ್ಲಿ ದಿನಕ್ಕೆ ಐದನೇ ಒಂದು ಭಾಗದಂತೆ ಕೆಲವು ದಿನ ಬದಲಿಸಿ.

ಎಲ್ಲ ನೀರನ್ನೂ ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ಸೋಪು ಹಾಕಿ ತೊಳೆಯುವುದು ದೊಡ್ಡ ತಪ್ಪು. ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹೋಗುತ್ತದೆ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು.

ಹೊಸ ನೀರು ಎಲ್ಲಿಂದ ಬಂತು ಎಂಬುದನ್ನೂ ಗಮನಿಸಿ.

ಬಾವಿ ನೀರು: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಅದರ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಪೌಡರ್ ಹಾಕಿದ ದಿನಗಳಲ್ಲಿ ಬಾವಿ ನೀರನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ.

ನಳ್ಳಿ ನೀರು: ಇದರಲ್ಲೂ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟಿನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ.

ಬೋರ್‌ವೆಲ್ ನೀರು: ಇದರಲ್ಲಿ ಆಮ್ಲಜನಕ ಕಡಿಮೆ. ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟು ಬಳಸಿ.

ಮುರಕಲ್ಲಿನ ನೆಲದ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಕಡಿಮೆ, ಪಿಎಚ್ 7ಕ್ಕಿಂತ ಕೆಳಗೆ. ಗೋಲ್ಡ್ ಫಿಶ್‌ಗೆ 7ರಿಂದ 8ರ ಆಸುಪಾಸು ಒಳ್ಳೆಯದು. ಇದಕ್ಕೆ ಸುಲಭ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಮರುವಾಯಿ ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಬಲೆಯ ಚೀಲದಲ್ಲಿ ಹಾಕಿ ಫಿಲ್ಟರಿನ ಹತ್ತಿರ ಇಡಿ. ಚಿಪ್ಪು ನಿಧಾನವಾಗಿ ಕರಗಿ ಪಿಎಚ್ ಮೇಲೇರುತ್ತದೆ. ಸುಟ್ಟ ಸುಣ್ಣ ಮಾತ್ರ ಹಾಕಲೇಬೇಡಿ, ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತದೆ.

ಉಪ್ಪು ಹಾಕುವುದಾದರೆ ಎಷ್ಟು?

ಉಪ್ಪು ಒಳ್ಳೆಯ ಮದ್ದು, ಆದರೆ ಅಳತೆ ಇರಬೇಕು. ಮೊದಲು ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಉದ್ದ, 30 ಅಗಲ, 25 ಎತ್ತರ ನೀರಿದ್ದರೆ 45 ಲೀಟರ್.

ಬೇರೇನೂ ಬೆರೆಸದ ಕಲ್ಲುಪ್ಪು ಸಾಕು. ಮೀನು ಸುಸ್ತಾಗಿದ್ದರೆ, ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂ. ಬಿಳಿ ಚುಕ್ಕೆ ರೋಗಕ್ಕೆ ಲೀಟರಿಗೆ 3 ಗ್ರಾಂ. ಅಂದರೆ 45 ಲೀಟರಿಗೆ 135 ಗ್ರಾಂ. ಇದನ್ನು ಒಂದೇ ಸಲ ಹಾಕಬಾರದು. 45 ಗ್ರಾಂನಂತೆ ಮೂರು ಪಾಲು ಮಾಡಿ, ಪ್ರತಿ ಪಾಲನ್ನೂ ಬೇರೆ ಪಾತ್ರೆಯಲ್ಲಿ ಕರಗಿಸಿ, 12 ಗಂಟೆಗೊಮ್ಮೆ ಸೇರಿಸಿ. ತೂಕ ಹಾಕಿಯೇ ಹಾಕಿ, ಚಮಚದ ಅಂದಾಜು ಬೇಡ.

ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆವಿಯಾದಷ್ಟು ನೀರು ತುಂಬಿಸುವಾಗ ಮತ್ತೆ ಉಪ್ಪು ಹಾಕಬೇಡಿ. 15 ಲೀಟರ್ ತೆಗೆದು ಹೊಸ ನೀರು ಹಾಕಿದರೆ ಆ 15 ಲೀಟರಿಗೆ ಬೇಕಾದಷ್ಟು ಮಾತ್ರ ಹಾಕಿ. ಉಪ್ಪಿಗೆ ಟ್ಯಾಂಕಿನ ಗಿಡಗಳು ಬಾಡುತ್ತವೆ, ಅವನ್ನು ಮೊದಲೇ ತೆಗೆದಿಡಿ. ಫಿಲ್ಟರಿನಲ್ಲಿ ಅಮೋನಿಯಾ ಹೀರುವ ಜಿಯೋಲೈಟ್ ಕಲ್ಲು ಇದ್ದರೆ ಅದನ್ನೂ ತೆಗೆಯಿರಿ. ಉಪ್ಪು ತಾಗಿದರೆ ಅದು ಹೀರಿದ ಅಮೋನಿಯಾವನ್ನು ನೀರಿಗೆ ವಾಪಸ್ ಬಿಡುತ್ತದೆ.

ಲಕ್ಷಣ ನೋಡಿ ರೋಗ ಗುರುತಿಸಿ

ಮೇಲೆ ಬಂದು ಬಾಯಿ ತೆರೆಯುವುದು, ಕೆಂಪು ಕಿವಿರು: ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯಾ, ನೈಟ್ರೈಟ್ ಹೆಚ್ಚಾಗಿದೆ. ನೀರು ಬದಲಿಸಿ, ಗಾಳಿ ಕೊಡಿ. ಚೇತರಿಸುವಾಗ ಮೈಮೇಲೆ ಕಪ್ಪು ಕಲೆ ಮೂಡಬಹುದು. ಅದು ಹೊಸ ರೋಗವಲ್ಲ, ಸುಟ್ಟ ಚರ್ಮ ಮಾಯುವ ಗುರುತು.

ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ: ಇದು ಇಕ್ ಎಂಬ ಪರೋಪಜೀವಿ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಚುಕ್ಕೆಯೊಳಗಿರುವ ಜೀವಿಗೆ ಮದ್ದು ತಾಗುವುದಿಲ್ಲ. ಅದು ಕಳಚಿಬಿದ್ದು, ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ನಿಲ್ಲಿಸದೆ ಇಡೀ ಟ್ಯಾಂಕಿಗೆ 10ರಿಂದ 14 ದಿನ ಉಪ್ಪಿನ ಚಿಕಿತ್ಸೆ ಮುಂದುವರಿಸಿ. ಗಂಡು ಗೋಲ್ಡ್ ಫಿಶ್‌ಗೆ ಸಂತಾನದ ಕಾಲದಲ್ಲಿ ಕಿವಿರಿನ ಮುಚ್ಚಳ ಮತ್ತು ಎದೆಯ ಪಕ್ಕದ ಈಜುರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಬರುತ್ತದೆ. ಅದು ರೋಗವಲ್ಲ, ಮದ್ದು ಬೇಡ.

ಹರಿದ, ಅಂಚು ಬೆಳ್ಳಗಾದ ಈಜುರೆಕ್ಕೆ: ಬ್ಯಾಕ್ಟೀರಿಯಾದಿಂದ ರೆಕ್ಕೆ ಕೊಳೆಯುತ್ತಿದೆ. ಶುರುವಿನಲ್ಲಿ ಶುದ್ಧ ನೀರು, ಲೀಟರಿಗೆ 1ರಿಂದ 2 ಗ್ರಾಂ ಉಪ್ಪು ಸಾಕಾಗುತ್ತದೆ. ಬುಡದವರೆಗೆ ಕೊಳೆತರೆ ಡಾಕ್ಟರ್ ಬೇಕು.

ಹತ್ತಿಯಂಥ ಬಿಳಿ ಬೂಷ್ಟು: ಗಾಯದ ಮೇಲೆ ಬರುವ ಶಿಲೀಂಧ್ರ. ಮೀನನ್ನು ಬೇರೆ ಟಬ್ಬಿನಲ್ಲಿಟ್ಟು ಮಿಥಿಲೀನ್ ಬ್ಲೂ ಬಳಸಬಹುದು.

ಮಗುಚಿ ತೇಲುವುದು, ತಳ ಬಿಟ್ಟೇಳದಿರುವುದು: ಒರಾಂಡಾ, ಫ್ಯಾನ್‌ಟೇಲ್‌ನಂಥ ದುಂಡು ಮೈಯ ಜಾತಿಗಳಲ್ಲಿ ಹೆಚ್ಚು. ಗಾಳಿಚೀಲಕ್ಕೆ ಒತ್ತಡ ಬಿದ್ದಿರುತ್ತದೆ, ಹೆಚ್ಚಾಗಿ ಮಲಬದ್ಧತೆಯಿಂದ. ಎರಡು ಮೂರು ದಿನ ಉಪವಾಸ ಇಡಿ. ಆಮೇಲೆ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಚಿಕ್ಕ ಚೂರು ಮಾಡಿ ಕೊಡಿ. ಮುಂದೆ ಒಣ ತಿಂಡಿಯನ್ನು ನೆನೆಸಿಯೇ ಕೊಡಿ.

ಮೈಯಿಂದ ನೇತಾಡುವ ದಾರದಂಥ ಹುಳು: ಇದು ಆ್ಯಂಕರ್ ವರ್ಮ್. ಒದ್ದೆ ಬಟ್ಟೆಯಲ್ಲಿ ಮೀನನ್ನು ಮೆಲ್ಲಗೆ ಹಿಡಿದು, ಚಿಮುಟದಿಂದ ಬುಡದಲ್ಲೇ ಹಿಡಿದು ಎಳೆಯಬೇಕು. ಮರಿಗಳು ನೀರಿನಲ್ಲಿ ಉಳಿದಿರುತ್ತವೆ, ಅವಕ್ಕೆ ಬೇರೆ ಮದ್ದು ಬೇಕು. ಬಲ್ಲವರನ್ನು ಕೇಳಿ.

ಊದಿದ ಹೊಟ್ಟೆ, ಎದ್ದು ನಿಂತ ಹುರುಪೆ: ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿರುವ ಲಕ್ಷಣ. ಉಳಿಯುವುದು ಕಷ್ಟ. ತಡ ಮಾಡದೆ ಡಾಕ್ಟರನ್ನು ಕೇಳಿ.

ಮದ್ದು ಹಾಕುವ ಮುನ್ನ

ಒಂದು ಸಲಕ್ಕೆ ಒಂದೇ ಮದ್ದು. ಡಬ್ಬಿಯ ಮೇಲಿನ ಅಳತೆ ಮೀರಬೇಡಿ. ಮದ್ದು ಹಾಕುವಾಗ ಫಿಲ್ಟರಿನ ಇದ್ದಿಲು ತೆಗೆಯಿರಿ, ಇಲ್ಲದಿದ್ದರೆ ಅದು ಮದ್ದನ್ನೇ ಹೀರಿಬಿಡುತ್ತದೆ.

ಮಿಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಗಾಗಿ ಅದನ್ನು ಮುಖ್ಯ ಟ್ಯಾಂಕಿಗೆ ಹಾಕಬೇಡಿ. 20 ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಟಬ್, ಒಂದು ಏರ್ ಪಂಪ್ ಇದ್ದರೆ ಅದೇ ಮೀನಿನ ಆಸ್ಪತ್ರೆ. ಅದರಲ್ಲಿ ಫಿಲ್ಟರ್ ಇಲ್ಲದ ಕಾರಣ ದಿನವೂ ಮೂರನೇ ಒಂದು ಭಾಗ ನೀರು ಬದಲಿಸಿ, ತೆಗೆದ ನೀರಿನಷ್ಟಕ್ಕೆ ಮಾತ್ರ ಮದ್ದು ಸೇರಿಸಿ. ಮ್ಯಾಲಕೈಟ್ ಗ್ರೀನ್ ಇರುವ ಹಸಿರು ಮದ್ದು ಮನುಷ್ಯರಿಗೂ ಅಪಾಯ. ಕೈಗೆ ಗ್ಲೌಸ್ ಹಾಕಿ, ಗರ್ಭಿಣಿಯರು, ಮಕ್ಕಳು ಮುಟ್ಟಬಾರದು.

ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ಟ್ಯಾಂಕಿಗೆ ಹಾಕುವ ರೂಢಿ ಬಿಡಿ. ರೋಗ ಯಾವುದೆಂದು ತಿಳಿಯದೆ ಹಾಕಿದರೆ ಮೀನು ಗುಣವಾಗುವುದಿಲ್ಲ, ಫಿಲ್ಟರ್ ಹಾಳಾಗುತ್ತದೆ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅರಿಶಿನ, ಬೇವಿನ ಎಲೆ ಕೂಡ ಬೇಡ. ನೀರಿನಲ್ಲಿ ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತವೆ.

ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕೈಯಲ್ಲಿ ಗಾಯ ಇದ್ದರೆ ನೀರಿಗೆ ಇಳಿಸಬೇಡಿ, ಅಕ್ವೇರಿಯಂ ನೀರಿನಿಂದ ಮನುಷ್ಯರ ಚರ್ಮಕ್ಕೂ ಸೋಂಕು ತಗಲುತ್ತದೆ.

ಕೈ ಮೀರಿದರೆ

ಎರಡು ಮೂರು ದಿನ ನೀರು ಸರಿಪಡಿಸಿದರೂ ಚೇತರಿಕೆ ಕಾಣದಿದ್ದರೆ, ಹುಣ್ಣು, ರಕ್ತದ ಕಲೆ ಇದ್ದರೆ ಪಶುವೈದ್ಯರನ್ನು ಕೇಳಿ. ಮೀನಿನ ಫೋಟೋ, ಚಿಕ್ಕ ವಿಡಿಯೋ, ಟ್ಯಾಂಕಿನ ಲೀಟರ್, ನೀರಿನ ಪರೀಕ್ಷೆಯ ಅಂಕಿ, ಈಗಾಗಲೇ ಹಾಕಿದ ಮದ್ದಿನ ಹೆಸರು ಕೈಯಲ್ಲಿರಲಿ. ಮೀನಿನ ರೋಗದ ಬಗ್ಗೆ ಕಲಿಸುವ ಹಳೆಯ ಸಂಸ್ಥೆ ನಮಗೆ ಹತ್ತಿರವೇ ಇದೆ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು. ಅಲ್ಲಿಗೆ ಫೋನ್ ಮಾಡಿ ವಿಚಾರಿಸಬಹುದು.

ಮೀನು ಉಳಿಯುವುದಿಲ್ಲ ಎಂದಾದರೆ ಜೀವಂತ ಟಾಯ್ಲೆಟ್‌ಗೆ ಹಾಕುವುದು, ಫ್ರಿಜ್ಜಿನಲ್ಲಿಡುವುದು ಬೇಡ. ಅದು ನರಳಿ ಸಾಯುತ್ತದೆ. ಪಶುವೈದ್ಯರು ಅರಿವಳಿಕೆ ಕೊಟ್ಟು ನೋವಿಲ್ಲದೆ ಮುಗಿಸಬಲ್ಲರು. ತೋಡಿಗೋ ಕೆರೆಗೋ ಬಿಡುವುದೂ ಬೇಡ, ಅದರ ರೋಗ ಅಲ್ಲಿನ ಮೀನುಗಳಿಗೂ ಹರಡುತ್ತದೆ.

ಮತ್ತೆ ಬಾರದಂತೆ

ಒಂದು ಗೋಲ್ಡ್ ಫಿಶ್‌ಗೆ ಕಡಿಮೆ ಎಂದರೂ 40 ಲೀಟರ್ ನೀರು ಬೇಕು, ಬೆಳೆದಂತೆ ಇನ್ನೂ ಹೆಚ್ಚು. ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಹೊಸ ಮೀನು ತಂದರೆ ಎರಡರಿಂದ ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ಆಮೇಲೆ ಸೇರಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ, ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಅದಿಲ್ಲದಿದ್ದರೆ ಲೋಟದಲ್ಲಿ ಟ್ಯಾಂಕಿನ ನೀರನ್ನೇ ಎತ್ತಿ ಮೇಲಿನಿಂದ ಸುರಿಯುತ್ತಿರಿ, ಅಷ್ಟರಿಂದಲೂ ಗಾಳಿ ಸೇರುತ್ತದೆ.

ಈ ಕೆಲಸಗಳಲ್ಲಿ ಹೆಚ್ಚಿನವನ್ನು ದೊಡ್ಡವರು ಜೊತೆಗಿದ್ದರೆ ಮಕ್ಕಳೂ ಮಾಡಬಲ್ಲರು. ಬಕೆಟಿನಲ್ಲಿ ನೀರು ತೆರೆದಿಡುವುದು, ತಿಂಡಿ ಅಳೆದು ಕೊಡುವುದು, ನೀರು ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವರ ಪಾಲಿಗಿರಲಿ. ಮೀನು ಅಡ್ಡ ಬೀಳುವ ಮುಂಚೆಯೇ ಅದು ತಿಂಡಿ ಬಿಟ್ಟಿದ್ದು, ಮೂಲೆ ಸೇರಿದ್ದು ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ. ಅವರು ಬಂದು ಹೇಳಿದ ದಿನವೇ ನೀರು ಬದಲಿಸಿ.